ಒಂದೇ ಬಲ್ಬ್‌ಗೆ ಮೂರು ಬೇರೆ ಬೇರೆ ಓಮ್ ಬಂದದ್ದು ಹೇಗೆ?

ಪ್ರಶ್ನೆ: ನನ್ನ ಹತ್ತಿರ 12 ವೋಲ್ಟ್, 21 ವ್ಯಾಟ್‌ನ ಫಿಲಮೆಂಟ್ ಬಲ್ಬ್ ಒಂದಿದೆ. 12 ವೋಲ್ಟ್ ಕೊಟ್ಟಾಗ 1.75 ಆಂಪಿಯರ್ ಕರೆಂಟ್ ಹರಿಯಿತು. ಭಾಗಿಸಿದರೆ 6.86 ಓಮ್. ಅದೇ ಬಲ್ಬ್‌ಗೆ 6 ವೋಲ್ಟ್ ಕೊಟ್ಟೆ. ಕರೆಂಟ್ ಅರ್ಧ ಆಗಬೇಕಿತ್ತು, ಆದರೆ 1.2 ಆಂಪಿಯರ್ ಬಂತು. ಲೆಕ್ಕಕ್ಕೆ 5 ಓಮ್. ಬಲ್ಬನ್ನು ಬಿಚ್ಚಿ ಮಲ್ಟಿಮೀಟರ್‌ನಲ್ಲಿ ನೇರವಾಗಿ ಓಮ್ ಅಳೆದರೆ ಬರೀ 0.6. ಇದರಲ್ಲಿ ಯಾವುದು ನಿಜ? ಪವರ್‌ಗೆ ಮೂರು ಸೂತ್ರ ಇವೆಯಲ್ಲ, ಯಾವುದನ್ನು ಯಾವಾಗ ಬಳಸಬೇಕು? ಇನ್ನೊಂದು ವಿಷಯ. ನನ್ನ 230 ವೋಲ್ಟ್‌ನ ಫ್ಯಾನ್ 0.3 ಆಂಪಿಯರ್ ಎಳೆಯುತ್ತದೆ. ಗುಣಿಸಿದರೆ 69. ಆದರೆ ಅದರ ಮೇಲೆ 50 ವ್ಯಾಟ್ ಎಂದು ಬರೆದಿದೆ. ಹೀಗೇಕೆ?

ಉತ್ತರ: ಮೂರೂ ನಿಜ. ನಿಮ್ಮ ಮೀಟರ್ ಸರಿಯಾಗಿಯೇ ಇದೆ, ಭಾಗಾಕಾರವೂ ಸರಿ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದಾಗ ಸಿಗುವುದು ಆ ಗಳಿಗೆಯಲ್ಲಿ, ಆ ಸ್ಥಿತಿಯಲ್ಲಿ ಆ ವಸ್ತುವಿಗೆ ಇದ್ದ ರೋಧ (ರೆಸಿಸ್ಟೆನ್ಸ್), ಅಂದರೆ ಕರೆಂಟಿನ ಹರಿವಿಗೆ ಅದು ಒಡ್ಡುವ ಅಡ್ಡಿ; ಅದನ್ನೇ ಓಮ್‌ನಲ್ಲಿ ಅಳೆಯುತ್ತೇವೆ. ಅದು ಬಲ್ಬ್‌ಗೆ ಜೀವಮಾನಪೂರ್ತಿ ಅಂಟಿಕೊಂಡ ಸಂಖ್ಯೆಯಲ್ಲ. ಇದನ್ನು ಹಿಡಿದುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳೂ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಮೊದಲು ಬಲ್ಬ್ ನೋಡೋಣ. ಒಳಗಿರುವ ಫಿಲಮೆಂಟ್ ಟಂಗ್‌ಸ್ಟನ್ ಲೋಹದ್ದು. ಲೋಹ ಬಿಸಿಯಾದಷ್ಟೂ ಅದರ ಪರಮಾಣುಗಳು ಜಾಸ್ತಿ ಅಲುಗುತ್ತವೆ, ಎಲೆಕ್ಟ್ರಾನ್‌ಗಳ ಓಟಕ್ಕೆ ಅಡ್ಡಿ ಹೆಚ್ಚುತ್ತದೆ, ರೋಧ ಏರುತ್ತದೆ. ಕೋಣೆಯ ತಾಪಮಾನದ ಆಸುಪಾಸಿನಲ್ಲಿ ಟಂಗ್‌ಸ್ಟನ್‌ನ ರೋಧ ಒಂದು ಡಿಗ್ರಿಗೆ ಸುಮಾರು ಶೇ 0.45ರಷ್ಟು ಹೆಚ್ಚುತ್ತದೆ. ಕೇಳಲು ಅಲ್ಪ ಅನ್ನಿಸಬಹುದು. ಆದರೆ ಉರಿಯುವ ಫಿಲಮೆಂಟ್ ಸಾವಿರಾರು ಡಿಗ್ರಿ ಏರಿರುತ್ತದೆ, ಅಲ್ವಾ? ಹಾಗಾಗಿ ತಣ್ಣಗಿದ್ದಾಗಿನ ರೋಧಕ್ಕೂ ಉರಿಯುವಾಗಿನ ರೋಧಕ್ಕೂ ಹತ್ತರಿಂದ ಹದಿನೈದು ಪಟ್ಟು ವ್ಯತ್ಯಾಸ ಬರುತ್ತದೆ.

ಮಲ್ಟಿಮೀಟರ್ ಓಮ್ ಅಳೆಯುವಾಗ ಬಹಳ ಸಣ್ಣ ಕರೆಂಟನ್ನು ಮಾತ್ರ ಹರಿಸುತ್ತದೆ. ಅಷ್ಟಕ್ಕೆ ಫಿಲಮೆಂಟ್ ಬಿಸಿಯಾಗುವುದಿಲ್ಲ. ಆದ್ದರಿಂದ ನಿಮಗೆ ಸಿಕ್ಕ 0.6 ಓಮ್ ತಣ್ಣನೆಯ ಬಲ್ಬಿನದು. ಅದರಲ್ಲೂ ಒಂದು ಪಾಲು ಮೀಟರಿನ ತಂತಿಗಳದ್ದೇ. ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ನೋಡಿ, ಸಾಮಾನ್ಯವಾಗಿ 0.1 ಅಥವಾ 0.2 ಓಮ್ ತೋರಿಸುತ್ತದೆ. ಅದನ್ನು ಕಳೆಯಬೇಕು. ನಿಮ್ಮ ಮೀಟರ್‌ನಲ್ಲಿ 0.1 ಬಂತು ಎಂದುಕೊಂಡರೆ ಬಲ್ಬಿನ ನಿಜವಾದ ತಣ್ಣನೆಯ ರೋಧ 0.5 ಓಮ್.

ಈಗ ಒಂದು ಸೊಗಸಾದ ವಿಷಯ. 6.86ನ್ನು 0.5ರಿಂದ ಭಾಗಿಸಿದರೆ ಸುಮಾರು 13.7 ಪಟ್ಟು. ಟಂಗ್‌ಸ್ಟನ್‌ನ ರೋಧ ಇಷ್ಟು ಪಟ್ಟು ಏರುವುದು ಸರಿಸುಮಾರು 2300 ಡಿಗ್ರಿ ಸೆಲ್ಸಿಯಸ್‌ನಲ್ಲಿ. 6 ವೋಲ್ಟ್‌ನಲ್ಲಿ 5 ಓಮ್, ಅಂದರೆ ಹತ್ತು ಪಟ್ಟು. ಅದು ಸುಮಾರು 1700 ಡಿಗ್ರಿ. ಥರ್ಮಾಮೀಟರ್ ಇಡಲು ಸಾಧ್ಯವೇ ಇಲ್ಲದ ಕಡೆ ನೀವು ವೋಲ್ಟ್ ಮತ್ತು ಆಂಪಿಯರ್ ಓದಿಯೇ ತಾಪಮಾನ ಅಂದಾಜು ಮಾಡಿದಂತಾಯಿತು! 6 ವೋಲ್ಟ್‌ನಲ್ಲಿ ಬಲ್ಬ್ ಕೆಂಪು ಕೆಂಪಾಗಿ ಉರಿಯುವುದೂ ಇದಕ್ಕೇ. ಕಾರ್ಖಾನೆ, ಲ್ಯಾಬ್‌ಗಳಲ್ಲಿ ಬಳಸುವ ಪ್ಲಾಟಿನಂ ತಾಪಮಾಪಕಗಳು ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಅವುಗಳಲ್ಲಿ ತುಂಬಾ ಬಳಕೆಯಲ್ಲಿರುವ ಬಗೆಗೆ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್ ಇರುತ್ತದೆ. ಓಮ್ ಅಳೆದರೆ ಸಾಕು, ಡಿಗ್ರಿ ಗೊತ್ತಾಗುತ್ತದೆ.

ಎಲ್ಲ ವಸ್ತುಗಳೂ ಹೀಗೆಯೇ ಎಂದುಕೊಳ್ಳಬೇಡಿ. ಎಡಿಸನ್ ಕಾಲದ ಬಲ್ಬ್‌ಗಳಲ್ಲಿ ಇಂಗಾಲದ ಫಿಲಮೆಂಟ್ ಇತ್ತು. ಇಂಗಾಲ ಬಿಸಿಯಾದರೆ ರೋಧ ಕಡಿಮೆಯಾಗುತ್ತದೆ. ಹೀಟರ್‌ಗಳಲ್ಲಿ ಬಳಸುವ ನೈಕ್ರೋಮ್ ತಂತಿಯ ರೋಧ ಬಿಸಿಗೆ ಅಷ್ಟಾಗಿ ಬದಲಾಗುವುದಿಲ್ಲ, ಕೆಲವೇ ಶೇಕಡಾ ಏರುತ್ತದೆ ಅಷ್ಟೇ.

ತಣ್ಣನೆಯ ರೋಧ ಅಷ್ಟು ಕಡಿಮೆ ಇರುವುದರಿಂದ ಸ್ವಿಚ್ ಹಾಕಿದ ಆ ಕ್ಷಣ ಏನಾಗುತ್ತದೆ ಯೋಚಿಸಿ. ತಂತಿಯ ರೋಧವನ್ನು ಬದಿಗಿಟ್ಟರೆ 12ನ್ನು 0.5ರಿಂದ ಭಾಗಿಸಿ, 24 ಆಂಪಿಯರ್. ಒಂದು ಸೆಕೆಂಡಿನ ಚಿಕ್ಕ ಪಾಲಿನಲ್ಲೇ ಫಿಲಮೆಂಟ್ ಕಾದು ಕರೆಂಟ್ 1.75ಕ್ಕೆ ಇಳಿಯುತ್ತದೆ. ಆದರೆ ಆ ಮೊದಲ ಹೊಡೆತ ದೊಡ್ಡದು. ಹಳೆಯ ಬಲ್ಬ್‌ಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಸುಟ್ಟುಹೋಗುವುದು ಇದೇ ಕಾರಣಕ್ಕೆ.

ಹಾಗಾದರೆ ಓಮ್‌ನ ನಿಯಮ ಸುಳ್ಳಾ ಎಂದು ನೀವು ಕೇಳಬಹುದು. ಅಲ್ಲ. ವೋಲ್ಟೇಜ್ ಎಷ್ಟು ಪಟ್ಟು ಹೆಚ್ಚುತ್ತದೋ ಕರೆಂಟೂ ಅಷ್ಟೇ ಪಟ್ಟು ಹೆಚ್ಚುತ್ತದೆ ಎನ್ನುವುದಕ್ಕೆ ಒಂದು ಷರತ್ತು ಇದೆ: ತಾಪಮಾನ ಮತ್ತು ಉಳಿದ ಸ್ಥಿತಿ ಬದಲಾಗಬಾರದು. ಶಾಲೆಯಲ್ಲಿ ಈ ಷರತ್ತನ್ನು ಒಂದು ಸಾಲಿನಲ್ಲಿ ಓದಿ ಮರೆತುಬಿಡುತ್ತೇವೆ. ಗೇಯಾರ್ಗ್ ಸೈಮನ್ ಓಮ್ ಮಾತ್ರ ಸ್ಥಿತಿ ಬದಲಾಗದಂತೆ ನೋಡಿಕೊಳ್ಳಲು ತುಂಬಾ ಕಷ್ಟಪಟ್ಟರು. ಆಗಿನ ಬ್ಯಾಟರಿಗಳ ವೋಲ್ಟೇಜ್ ಅಳೆಯುತ್ತಿರುವಾಗಲೇ ಕುಸಿಯುತ್ತಿತ್ತು. ಅದಕ್ಕೆ ಅವರು ಬ್ಯಾಟರಿಯನ್ನೇ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿದರು. ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ನೀರು ಕುದಿಯುವ ತಾಪ, ಮಂಜು ಕರಗುವ ತಾಪ ಎರಡೂ ಅಲುಗುವುದಿಲ್ಲವಾದ್ದರಿಂದ ವೋಲ್ಟೇಜೂ ಅಲುಗಲಿಲ್ಲ. ಆ ಎಚ್ಚರದಿಂದಲೇ 1827ರಲ್ಲಿ ಅವರು ನಿಯಮವನ್ನು ಪೂರ್ಣ ರೂಪದಲ್ಲಿ ಪ್ರಕಟಿಸಲು ಸಾಧ್ಯವಾಯಿತು. ನನಗೆ ಸೂತ್ರಕ್ಕಿಂತ ಈ ಎಚ್ಚರವೇ ದೊಡ್ಡದಾಗಿ ಕಾಣುತ್ತದೆ.

ಈಗ ಪವರ್. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೂರು ಸೂತ್ರಗಳಲ್ಲಿ ಮೂಲ ಒಂದೇ: ವೋಲ್ಟೇಜ್ ಗುಣಿಸು ಕರೆಂಟ್. ಉಳಿದೆರಡು ಅದರಿಂದ ಹುಟ್ಟಿದವು. ಒಂದು ವೋಲ್ಟ್ ಅಂದರೆ ಒಂದು ಕೂಲಂಬ್ ವಿದ್ಯುದಾವೇಶ ಸಾಗಿದಾಗ ಒಂದು ಜೌಲ್ ಶಕ್ತಿ. ಒಂದು ಆಂಪಿಯರ್ ಅಂದರೆ ಸೆಕೆಂಡಿಗೆ ಒಂದು ಕೂಲಂಬ್. ಗುಣಿಸಿದರೆ ಸೆಕೆಂಡಿಗೆ ಇಷ್ಟು ಜೌಲ್ ಎಂದು ಬರುತ್ತದೆ. ಅದೇ ವ್ಯಾಟ್. ಇಲ್ಲಿ ರೋಧದ ಮಾತೇ ಬರಲಿಲ್ಲ ನೋಡಿ. ವಸ್ತು ಲೋಹವೋ, ಎಲ್‌ಇಡಿಯೋ, ಮೋಟರೋ, ಬಿಸಿಯೋ ತಣ್ಣಗೋ, ಯಾವುದೂ ಬೇಡ. ಆ ಕ್ಷಣದ ವೋಲ್ಟೇಜ್ ಮತ್ತು ಆ ಕ್ಷಣದ ಕರೆಂಟ್ ಗೊತ್ತಿದ್ದರೆ ಆ ಕ್ಷಣದ ಪವರ್ ಗೊತ್ತು.

ಕರೆಂಟಿನ ವರ್ಗ ಗುಣಿಸು ರೋಧ, ಮತ್ತು ವೋಲ್ಟೇಜಿನ ವರ್ಗ ಭಾಗಿಸು ರೋಧ, ಈ ಎರಡರಲ್ಲಿ ರೋಧ ಒಳಗೆ ಬರುತ್ತದೆ. ಹಾಗಾಗಿ ಆ ಸ್ಥಿತಿಯ ರೋಧವನ್ನೇ ಹಾಕಬೇಕು. ನಿಮ್ಮ ಬಲ್ಬಿಗೆ 6.86 ಹಾಕಿದರೆ ಮೂರೂ ಸೂತ್ರಗಳು 21 ವ್ಯಾಟ್ ಎನ್ನುತ್ತವೆ. ಮೀಟರ್ ತೋರಿಸಿದ ತಣ್ಣನೆಯ 0.6 ಓಮ್ ಹಾಕಿ ನೋಡಿ. 12ರ ವರ್ಗ 144, ಅದನ್ನು 0.6ರಿಂದ ಭಾಗಿಸಿದರೆ 240 ವ್ಯಾಟ್. 1.75ರ ವರ್ಗವನ್ನು 0.6ರಿಂದ ಗುಣಿಸಿದರೆ 1.84 ವ್ಯಾಟ್. ಒಂದೇ ಬಲ್ಬ್, ಒಂದು ಸೂತ್ರ 240 ಅನ್ನುತ್ತದೆ, ಇನ್ನೊಂದು 1.84. ಸೂತ್ರಗಳು ಜಗಳವಾಡುತ್ತಿವೆ ಅನ್ನಿಸಿದಾಗ ನಾನು ಮೊದಲು ಹುಡುಕುವುದು ಇದನ್ನೇ: ಬೇರೆ ಬೇರೆ ಸ್ಥಿತಿಯ ಸಂಖ್ಯೆಗಳು ಒಂದೇ ಲೆಕ್ಕದಲ್ಲಿ ಬೆರೆತಿವೆಯಾ?

6 ವೋಲ್ಟ್‌ನಲ್ಲಿ ನಿಮ್ಮ ಬಲ್ಬಿನ ಪವರ್ 6 ಗುಣಿಸು 1.2, ಅಂದರೆ 7.2 ವ್ಯಾಟ್. ವೋಲ್ಟೇಜ್ ಅರ್ಧವಾದರೆ ಪವರ್ ಕಾಲು ಭಾಗ ಎಂಬ ಲೆಕ್ಕದಲ್ಲಿ 5.25 ಬರಬೇಕಿತ್ತು. ತಂಪಾದ ಫಿಲಮೆಂಟ್ ರೋಧ ಇಳಿಸಿಕೊಂಡದ್ದರಿಂದ ಸ್ವಲ್ಪ ಜಾಸ್ತಿ ಬಂತು. ಕಾಲು ಭಾಗದ ಲೆಕ್ಕ ಚೆನ್ನಾಗಿ ಹೊಂದುವುದು ಹೀಟರಿಗೆ. 230 ವೋಲ್ಟ್, 1000 ವ್ಯಾಟ್‌ನ ಹೀಟರಿನ ರೋಧ 230ರ ವರ್ಗವನ್ನು 1000ದಿಂದ ಭಾಗಿಸಿದಷ್ಟು, ಅಂದರೆ 52.9 ಓಮ್. ವೋಲ್ಟೇಜ್ 200ಕ್ಕೆ ಕುಸಿದರೆ ಪವರ್ ಸುಮಾರು 756 ವ್ಯಾಟ್. ವೋಲ್ಟೇಜ್ ಶೇ 13ರಷ್ಟು ಇಳಿದರೆ ಬಿಸಿ ಶೇ 24ರಷ್ಟು ಇಳಿಯುತ್ತದೆ. ಲೋ ವೋಲ್ಟೇಜ್ ಇದ್ದಾಗ ನೀರು ಕಾಯಲು ಯಾಕೆ ಅಷ್ಟು ಹೊತ್ತು ಬೇಕು ಎನ್ನುವುದಕ್ಕೆ ಉತ್ತರ ಈ ವರ್ಗದಲ್ಲಿದೆ.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಇದೇ ಹೀಟರಿಗೆ ಹೋಗುವ ತಂತಿಯ ರೋಧ 0.5 ಓಮ್ ಇದೆ ಎಂದುಕೊಳ್ಳಿ. ತಂತಿಯಲ್ಲಿ ಎಷ್ಟು ಪವರ್ ವ್ಯರ್ಥವಾಗುತ್ತದೆ? ಕೆಲವರು 230ರ ವರ್ಗವನ್ನು 0.5ರಿಂದ ಭಾಗಿಸಿ ಒಂದು ಲಕ್ಷ ವ್ಯಾಟ್ ದಾಟಿಸಿ ಗಾಬರಿಯಾಗುತ್ತಾರೆ. ತಂತಿಯ ಎರಡು ತುದಿಗಳ ನಡುವೆ 230 ವೋಲ್ಟ್ ಇರುವುದಿಲ್ಲ. ಅಲ್ಲಿ ಇರುವುದು ಕರೆಂಟ್ ಗುಣಿಸು ರೋಧ. ಕರೆಂಟ್ ಸುಮಾರು 4.35 ಆಂಪಿಯರ್, ಆದ್ದರಿಂದ ತಂತಿಯಲ್ಲಿ ಬೀಳುವ ವೋಲ್ಟೇಜ್ 2.2 ಮಾತ್ರ. ನಷ್ಟವಾಗುವ ಪವರ್ ಸುಮಾರು 9.5 ವ್ಯಾಟ್. ವೋಲ್ಟೇಜ್ ಎಂದಾಗಲೆಲ್ಲ ಯಾವ ಎರಡು ಬಿಂದುಗಳ ನಡುವಿನದು ಎಂದು ಕೇಳಿಕೊಳ್ಳಿ. ತಂತಿ, ಕನೆಕ್ಟರ್, ಫ್ಯೂಸ್‌ಗಳಿಗೆ ಕರೆಂಟಿನ ವರ್ಗದ ಸೂತ್ರವೇ ಸಲೀಸು. ಯಾಕೆಂದರೆ ಅವುಗಳ ಮೂಲಕ ಹರಿಯುವ ಕರೆಂಟ್ ನಮಗೆ ಗೊತ್ತಿರುತ್ತದೆ, ಅವುಗಳ ಮೇಲಿನ ವೋಲ್ಟೇಜ್ ಗೊತ್ತಿರುವುದಿಲ್ಲ. ಬಿಸಿಯು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು 1840ರ ಸುಮಾರಿಗೆ ಪ್ರಯೋಗದಿಂದ ತೋರಿಸಿಕೊಟ್ಟವರು ಜೇಮ್ಸ್ ಜೌಲ್.

ಎಲ್‌ಇಡಿಗೆ ಬಂದರೆ ರೋಧ ಎನ್ನುವ ಸಂಖ್ಯೆಯೇ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕೆಂಪು ಎಲ್‌ಇಡಿಯಲ್ಲಿ 2 ವೋಲ್ಟ್‌ಗೆ 20 ಮಿಲಿಆಂಪಿಯರ್ ಹರಿದರೆ ಭಾಗಿಸಿ 100 ಓಮ್ ಎನ್ನಬಹುದು. ಆದರೆ ವೋಲ್ಟೇಜನ್ನು ಕೊಂಚ ಏರಿಸಿದರೂ ಕರೆಂಟ್ ಜಿಗಿಯುತ್ತದೆ, ಆ 100 ಓಮ್ ಮಾಯ. ಅದಕ್ಕೇ ಸರಣಿಯಲ್ಲಿ ಒಂದು ರೆಸಿಸ್ಟರ್ ಬೇಕು. 12 ವೋಲ್ಟ್ ಇದ್ದರೆ ರೆಸಿಸ್ಟರ್ ಮೇಲೆ ಉಳಿಯುವುದು 10 ವೋಲ್ಟ್. 0.02 ಆಂಪಿಯರಿನಿಂದ ಭಾಗಿಸಿದರೆ 500 ಓಮ್. ಅಂಗಡಿಯಲ್ಲಿ ಸಿಗುವ ಹತ್ತಿರದ ರೆಸಿಸ್ಟರ್ 510 ಓಮ್‌ನದು. ಅದರಲ್ಲಿ ಸುಡುವ ಪವರ್ 0.2 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಲೆಕ್ಕಕ್ಕೆ ಸಾಕಾದರೂ ಕೈ ಸುಡುವಷ್ಟು ಬಿಸಿಯಾಗುತ್ತದೆ. ಅರ್ಧ ವ್ಯಾಟಿನದು ಹಾಕಿ.

ಫ್ಯಾನಿಗೆ ಹೋಗುವ ಮೊದಲು ಬ್ಯಾಟರಿಯಿಂದ ತಿರುಗುವ ಸಣ್ಣ ಡಿಸಿ ಮೋಟರನ್ನು ನೋಡಿದರೆ ಒಳ್ಳೆಯದು, ಯಾಕೆಂದರೆ ಭಾಗಾಕಾರ ನಮ್ಮನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಇಲ್ಲೇ. 12 ವೋಲ್ಟಿನ ಮೋಟರ್, ಸುರುಳಿಯ ರೋಧ 1.5 ಓಮ್, ತಿರುಗುವಾಗ 1 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಭಾಗಿಸಿದರೆ 12 ಓಮ್. ಆದರೆ ಮೋಟರಿನಲ್ಲಿ ಎಲ್ಲಿ ಹುಡುಕಿದರೂ 12 ಓಮ್ ಸಿಗುವುದಿಲ್ಲ! ತಿರುಗುವ ಮೋಟರ್ ತಾನೇ ಒಂದು ಜನರೇಟರ್ ಕೂಡ. ಅದು ಬ್ಯಾಟರಿಗೆ ಎದುರಾಗಿ ತನ್ನದೇ ವೋಲ್ಟೇಜ್ ಹುಟ್ಟಿಸುತ್ತದೆ. ಇಲ್ಲಿ ಅದು 10.5 ವೋಲ್ಟ್. ಉಳಿದ 1.5 ವೋಲ್ಟ್ ಮಾತ್ರ ಸುರುಳಿಯ ರೋಧದ ಮೇಲೆ ಬೀಳುತ್ತದೆ, ಅದಕ್ಕೇ ಕರೆಂಟ್ 1 ಆಂಪಿಯರ್.

ಪವರ್ ಹೇಗೆ ಹಂಚಿಹೋಯಿತು ನೋಡಿ. ಒಟ್ಟು ಒಳಹೋದದ್ದು 12 ವ್ಯಾಟ್, ಅದು ವೋಲ್ಟೇಜ್ ಗುಣಿಸು ಕರೆಂಟ್. ಸುರುಳಿಯಲ್ಲಿ ಬಿಸಿಯಾದದ್ದು ಕರೆಂಟಿನ ವರ್ಗ ಗುಣಿಸು 1.5, ಅಂದರೆ 1.5 ವ್ಯಾಟ್. ಉಳಿದ 10.5 ವ್ಯಾಟ್ ತಿರುಗುವ ಕೆಲಸಕ್ಕೆ ಮತ್ತು ಘರ್ಷಣೆಗೆ ಹೋಯಿತು. ಎರಡು ಸೂತ್ರ ಎರಡು ಉತ್ತರ ಕೊಟ್ಟವು, ಎರಡೂ ಸರಿ. ಒಂದು ಒಟ್ಟು ಪವರ್, ಇನ್ನೊಂದು ಬಿಸಿ. ಈಗ ಆ ಮೋಟರನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದರೆ ಎದುರು ವೋಲ್ಟೇಜ್ ಸೊನ್ನೆ. ಕರೆಂಟ್ 12 ಭಾಗಿಸು 1.5, ಅಂದರೆ 8 ಆಂಪಿಯರ್. 96 ವ್ಯಾಟೂ ಬಿಸಿಯೇ. ಸಿಕ್ಕಿಹಾಕಿಕೊಂಡ ಮೋಟರ್ ಸುಟ್ಟುಹೋಗುವುದು ಹೀಗೆ. ಮೋಟರ್ ತಿರುಗದೆ ಗುಂಯ್‌ಗುಟ್ಟುತ್ತಿದ್ದರೆ ತಕ್ಷಣ ಸ್ವಿಚ್ ಆರಿಸಿ.

ನಿಮ್ಮ 230 ವೋಲ್ಟಿನ ಫ್ಯಾನ್ ಎಸಿಯಲ್ಲಿ ನಡೆಯುತ್ತದೆ. ಎಸಿಯಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಎರಡೂ ಸೆಕೆಂಡಿಗೆ ಐವತ್ತು ಅಥವಾ ಅರವತ್ತು ಸಲ ಏರಿ ಇಳಿಯುತ್ತಿರುತ್ತವೆ. ಹೀಟರಿನಲ್ಲಿ ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಫ್ಯಾನಿನ ಸುರುಳಿಯಲ್ಲಿ ಕರೆಂಟ್ ಸ್ವಲ್ಪ ಹಿಂದೆ ಬೀಳುತ್ತದೆ. ಪ್ರತಿ ಸುತ್ತಿನಲ್ಲೂ ಸುರುಳಿ ಒಂದಿಷ್ಟು ಶಕ್ತಿಯನ್ನು ಕಾಂತಕ್ಷೇತ್ರದಲ್ಲಿ ಇಟ್ಟುಕೊಂಡು, ಮರುಕ್ಷಣ ಲೈನಿಗೇ ವಾಪಸ್ ಕೊಡುತ್ತದೆ. ಆ ಕರೆಂಟ್ ನಿಮ್ಮ ಮೀಟರಿನಲ್ಲಿ ಕಾಣುತ್ತದೆ, ಆದರೆ ಕೆಲಸವಾಗಿ ಖರ್ಚಾಗುವುದಿಲ್ಲ. ಆದ್ದರಿಂದ ನಿಮಗೆ ಬಂದ 69ನ್ನು ವ್ಯಾಟ್ ಎನ್ನಬಾರದು, ವೋಲ್ಟ್-ಆಂಪಿಯರ್ ಎನ್ನಬೇಕು. ಲೇಬಲಿನ 50 ವ್ಯಾಟನ್ನು 69ರಿಂದ ಭಾಗಿಸಿದರೆ 0.72. ಇದೇ ಪವರ್ ಫ್ಯಾಕ್ಟರ್. ಸಣ್ಣ ಮೋಟರಿಗೆ ಇದು ಅಚ್ಚರಿಯ ಸಂಖ್ಯೆಯಲ್ಲ.

230ನ್ನು 0.3ರಿಂದ ಭಾಗಿಸಿದರೆ ಬರುವ 767 ಓಮ್ ಕೂಡ ಬರೀ ರೋಧವಲ್ಲ. ಅದರಲ್ಲಿ ಸುರುಳಿಯ ರೋಧ, ಅದರ ಕಾಂತೀಯ ಅಡ್ಡಿ, ಮೋಟರಿನ ಎದುರು ವೋಲ್ಟೇಜ್ ಎಲ್ಲ ಸೇರಿವೆ. ಇದಕ್ಕೆ ಇಂಪಿಡೆನ್ಸ್ ಎಂದು ಹೆಸರು. ವಾಪಸ್ ಹೋಗುವ ಕರೆಂಟ್ ವ್ಯಾಟ್ ಲೆಕ್ಕಕ್ಕೆ ಬರದಿದ್ದರೂ ತಂತಿಯನ್ನು ಮಾತ್ರ ಬಿಸಿ ಮಾಡಿಯೇ ಮಾಡುತ್ತದೆ. ಹಾಗಾಗಿ ತಂತಿ ಮತ್ತು ಫ್ಯೂಸ್ ಆರಿಸುವಾಗ ಪೂರ್ತಿ 0.3 ಆಂಪಿಯರನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ ಅಳತೆಯ ಬಗ್ಗೆ. ವೋಲ್ಟೇಜ್ ಅಳೆಯಬೇಕಾದದ್ದು ಬಲ್ಬ್ ಉರಿಯುತ್ತಿರುವಾಗ, ಬಲ್ಬಿನ ಎರಡು ತುದಿಗಳಲ್ಲೇ. ಬಲ್ಬ್ ಹಚ್ಚುವ ಮೊದಲು ಬ್ಯಾಟರಿ 12.6 ತೋರಿಸಿ, ಉರಿಯುವಾಗ ಬಲ್ಬಿನ ಹತ್ತಿರ 12.0 ಇದ್ದರೆ, 12.6 ಹಿಡಿದು ಲೆಕ್ಕ ಹಾಕಿದವರಿಗೆ 22 ವ್ಯಾಟ್ ಬರುತ್ತದೆ. ಆ ಒಂದು ವ್ಯಾಟ್ ಬಲ್ಬಿನದಲ್ಲ. ಅದು ಬ್ಯಾಟರಿಯ ಒಳಗೆ ಮತ್ತು ದಾರಿಯ ತಂತಿ, ಕ್ಲಿಪ್‌ಗಳಲ್ಲಿ ಹೋಯಿತು. 0.6 ವೋಲ್ಟನ್ನು 1.75ರಿಂದ ಭಾಗಿಸಿದರೆ ಅವುಗಳ ಒಟ್ಟು ರೋಧವೂ ಸಿಕ್ಕಿತು, ಸುಮಾರು 0.34 ಓಮ್.

ಎರಡು ಮೀಟರ್ ಇದ್ದರೆ ವೋಲ್ಟೇಜ್ ಮತ್ತು ಕರೆಂಟನ್ನು ಒಟ್ಟಿಗೇ ಓದಿ. ಒಂದೇ ಇದ್ದರೆ ಕರೆಂಟ್ ಅಳೆಯುವಾಗ ಮೀಟರ್ ತಾನೂ ಸ್ವಲ್ಪ ವೋಲ್ಟೇಜ್ ತಿನ್ನುತ್ತದೆ ಎಂಬುದು ನೆನಪಿರಲಿ. ಅದರ ದಾರಿಯ ರೋಧ 0.1 ಓಮ್ ಇದ್ದರೂ 1.75 ಆಂಪಿಯರಿಗೆ 0.175 ವೋಲ್ಟ್. ಉಲ್ಟಾ ಕಡೆಯ ತೊಂದರೆ ದೊಡ್ಡ ರೋಧಗಳಲ್ಲಿ ಬರುತ್ತದೆ. ಸಾಮಾನ್ಯ ಡಿಜಿಟಲ್ ವೋಲ್ಟ್‌ಮೀಟರಿನ ಒಳರೋಧ 10 ಮೆಗಾಓಮ್. ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 4.7 ಮೆಗಾಓಮ್ ರೆಸಿಸ್ಟರಿನ ಪಕ್ಕಕ್ಕೆ ಅದನ್ನು ಜೋಡಿಸಿದರೆ, ಎರಡೂ ಸೇರಿ 3.2 ಮೆಗಾಓಮ್ ಆಗಿಬಿಡುತ್ತವೆ.

ಉತ್ತರವನ್ನು 6.857142 ಎಂದು ಬರೆಯಬೇಡಿ. ವೋಲ್ಟೇಜ್‌ನಲ್ಲಿ ಶೇ 1, ಕರೆಂಟ್‌ನಲ್ಲಿ ಶೇ 2 ತಪ್ಪು ಇರಬಹುದಾದರೆ ರೋಧದಲ್ಲೂ ಪವರ್‌ನಲ್ಲೂ ಶೇ 3ರವರೆಗೆ ತಪ್ಪು ಬರಬಹುದು. 6.9 ಓಮ್ ಎಂದರೆ ಸಾಕು. ಹಾಗೆಯೇ ಮಿಲಿಆಂಪಿಯರನ್ನು ಆಂಪಿಯರ್ ಮಾಡಿಕೊಂಡು ಭಾಗಿಸಿ. ವೋಲ್ಟನ್ನು ಮಿಲಿಆಂಪಿಯರಿನಿಂದಲೇ ಭಾಗಿಸಿದರೆ ಉತ್ತರ ಕಿಲೋಓಮ್‌ನಲ್ಲಿ ಬರುತ್ತದೆ.

ಫ್ಯಾನಿನ ಕರೆಂಟನ್ನು ನೀವು ಮಲ್ಟಿಮೀಟರನ್ನು ಲೈನಿನ ಮಧ್ಯೆ ಸೇರಿಸಿ ಅಳೆದಿದ್ದರೆ, ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಬೇಡಿ. 230 ವೋಲ್ಟ್ ಜೀವ ತೆಗೆಯಬಲ್ಲದು. ಸಾಕೆಟ್ಟಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಬಳಸಿ. ಅದು ವ್ಯಾಟ್, ವೋಲ್ಟ್-ಆಂಪಿಯರ್, ಪವರ್ ಫ್ಯಾಕ್ಟರ್ ಮೂರನ್ನೂ ತೋರಿಸುವಂಥದ್ದಾಗಿದ್ದರೆ ಇನ್ನೂ ಒಳ್ಳೆಯದು. ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಆದರೂ ಸರಿ, ಆದರೆ ಅದರ ಬಾಯಿಯೊಳಗೆ ಒಂದೇ ತಂತಿ ಇರಬೇಕು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಸೇರಿಸಿ ಹಿಡಿದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಬ್ಯಾಟರಿಯ ಪ್ರಯೋಗದಲ್ಲಿ ಆಂಪಿಯರ್ ಅಳೆದು ಮುಗಿದ ತಕ್ಷಣ ಮಲ್ಟಿಮೀಟರಿನ ಕೆಂಪು ತಂತಿಯನ್ನು ವೋಲ್ಟೇಜ್ ತೂತಿಗೆ ವಾಪಸ್ ಹಾಕಿ. ಆಂಪಿಯರ್ ತೂತಿನಲ್ಲೇ ಬಿಟ್ಟು ಬ್ಯಾಟರಿಯ ವೋಲ್ಟೇಜ್ ನೋಡಲು ಹೋದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಕೆಲವು ಮೀಟರ್‌ಗಳ 10 ಆಂಪಿಯರ್ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ.